ಆಫೀಸ್ ಪ್ಯಾಂಟಿನ ಜೇಬಿಗೊಂದು ಪುಟ್ಟ ಚಾಕು: ಆರಿಸುವುದು ಹೇಗೆ, ಇಟ್ಟುಕೊಳ್ಳುವುದು ಹೇಗೆ

ಕೆಲವು ವರ್ಷದ ಹಿಂದೆ ನಮ್ಮ ಟೀಮಿನ ಹುಡುಗಿಯೊಬ್ಬಳು ಊರಿಂದ ಧಾರವಾಡ ಪೇಡೆ ತಂದಿದ್ದಳು. ಡಬ್ಬಿಗೆ ಸುತ್ತಲೂ ಅಗಲ ಟೇಪ್ ಬಿಗಿದಿತ್ತು. ಒಬ್ಬರು ಉಗುರಿನಲ್ಲಿ ಕೆರೆದರು. ಇನ್ನೊಬ್ಬರು ಬೈಕಿನ ಕೀ ತೂರಿಸಿ ಎಳೆದರು. ನಾನು ಜೇಬಿನಿಂದ ಚಾಕು ತೆಗೆದೆ. ಕಪ್ಪು ಬಣ್ಣದ್ದು, ಅಲಗೇ ಒಂಬತ್ತು ಸೆಂಟಿಮೀಟರ್, ಹೆಬ್ಬೆರಳಿಂದ ತಳ್ಳಿದರೆ ಟಪ್ ಅಂತ ಬಿಚ್ಚಿಕೊಳ್ಳುವಂಥದ್ದು. ಟೇಪ್ ಒಂದೇ ಎಳೆತಕ್ಕೆ ಸೀಳಿತು. ಆದರೆ ಆ ಸದ್ದಿಗೆ ಪಕ್ಕದಲ್ಲಿದ್ದ ಮೇಡಂ ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಪೇಡೆ ತಿನ್ನುವಾಗಲೂ ಅವರ ಕಣ್ಣು ನನ್ನ ಜೇಬಿನ ಮೇಲೇ ಇತ್ತು.

ಅವರನ್ನು ಹೆದರಿಸಿದ್ದು ನನಗೆ ತುಂಬ ದಿನ ಚುಚ್ಚಿತು. ಚಾಕು ಚೆನ್ನಾಗಿಯೇ ಇತ್ತು, ಜಾಗ ತಪ್ಪಿತ್ತು. ಮನೆಯಲ್ಲಿ ಈಳಿಗೆ ಮಣೆ ನೋಡಿ. ಅದರ ಅಲಗು ಎಷ್ಟು ದೊಡ್ಡದು! ಆದರೂ ಅದನ್ನು ಕಂಡು ಯಾರೂ ಹೆದರುವುದಿಲ್ಲ. ಅದು ಯಾವ ಕೆಲಸಕ್ಕೆ ಇದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ. ಆಫೀಸಿಗೆ ಒಯ್ಯುವ ಚಾಕುವೂ ಹಾಗೇ ಇರಬೇಕು. ಜೇಬಿನಲ್ಲಿದ್ದಾಗ ಇದೆ ಅಂತ ಗೊತ್ತಾಗಬಾರದು, ಹೊರಗೆ ತೆಗೆದಾಗ ಯಾರಿಗೂ ದಿಗಿಲಾಗಬಾರದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹೆಜ್ಜೆಗಳನ್ನು ಓದಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆತ್ಮರಕ್ಷಣೆಗೆ ಚಾಕು ಬೇಕು ಅಂತ ಹುಡುಕುತ್ತಿದ್ದರೆ ಇದು ಅದಕ್ಕಲ್ಲ. ಜೇಬಿನ ಚಾಕು ಯಾರನ್ನೂ ಕಾಪಾಡುವುದಿಲ್ಲ, ಜಗಳವನ್ನು ದೊಡ್ಡದು ಮಾಡುತ್ತದೆ ಅಷ್ಟೆ. ನಾನು ಹೇಳುತ್ತಿರುವುದು ಟೇಪ್, ದಾರ, ಹಣ್ಣು, ಲಕೋಟೆಗಳಿಗೆ ಬೇಕಾಗುವ ಸಲಕರಣೆಯ ಬಗ್ಗೆ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಅಂಗಡಿಗೆ ಹೋಗುವ ಮುಂಚೆ ಒಂದು ವಾರ ಫೋನಿನಲ್ಲಿ ಸಣ್ಣ ಪಟ್ಟಿ ಮಾಡಿ. "ಈಗೊಂದು ಚಾಕು ಇದ್ದಿದ್ದರೆ" ಅನಿಸಿದಾಗಲೆಲ್ಲ ಏನು ಕೆಲಸ ಅಂತ ಬರೆಯಿರಿ. ನನ್ನ ಪಟ್ಟಿ ಹೀಗಿತ್ತು: ಕೊರಿಯರ್ ಡಬ್ಬಿ, ಹೊಸ ಅಂಗಿಯ ಬೆಲೆ ಚೀಟಿ, ಕಾಲರ್ ಹತ್ತಿರ ಎದ್ದ ನೂಲು, ದರ್ಶಿನಿಯಿಂದ ತಂದ ಸಾಂಬಾರ್ ಪ್ಯಾಕೆಟ್ಟಿನ ಬಿಗಿ ಗಂಟು, ನಾಲ್ಕು ಗಂಟೆಯ ಸೀಬೆಕಾಯಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಬಂದ ಮೌಸ್, ಕನ್ನಡಕದ ಸಡಿಲ ಸ್ಕ್ರೂ, ಬೆರಳಿಗೆ ಹೊಕ್ಕ ಮರದ ಸಿಬಿರು.

ಇದರಲ್ಲಿ ನಿಜವಾಗಿ ಅಲಗು ಬೇಕಾದದ್ದು ಡಬ್ಬಿಗೆ, ಸೀಬೆಕಾಯಿಗೆ. ಉಳಿದದ್ದರಲ್ಲಿ ಹೆಚ್ಚಿನದು ಪುಟ್ಟ ಕತ್ತರಿಯ ಕೆಲಸ. ಸ್ಕ್ರೂಗೆ ತೆಳ್ಳನೆಯ ತುದಿ ಬೇಕು, ಸಿಬಿರಿಗೆ ಚಿಮಟ ಬೇಕು. ಎಷ್ಟೋ ಜನ ದೊಡ್ಡ ಅಲಗಿನ ಚಾಕು ಕೊಂಡು ಕೊನೆಗೆ ಮೇಜಿನ ಡ್ರಾಯರಿನಲ್ಲಿ ಬಿಡುವುದು ಈ ಪಟ್ಟಿ ಮಾಡದೇ ಇರುವುದರಿಂದಲೇ. ನಿಮ್ಮ ಪಟ್ಟಿಯಲ್ಲಿ ಹಣ್ಣು ಜಾಸ್ತಿ ಇದ್ದರೆ ಒಂದು ದಾರಿ, ನೂಲು ಮತ್ತು ಪ್ಯಾಕೆಟ್ ಜಾಸ್ತಿ ಇದ್ದರೆ ಇನ್ನೊಂದು ದಾರಿ.

ಎರಡನೇ ಹೆಜ್ಜೆ: ಕಾನೂನು ಏನು ಹೇಳುತ್ತದೆ, ಗೇಟಿನಲ್ಲಿ ಏನು ಹೇಳುತ್ತಾರೆ

1959ರ ಶಸ್ತ್ರಾಸ್ತ್ರ ಕಾಯ್ದೆ "ಆಯುಧ" ಅನ್ನುವುದು ಹಲ್ಲೆಗೋ ರಕ್ಷಣೆಗೋ ಅಂತಲೇ ಮಾಡಿದ ವಸ್ತುವಿಗೆ. ಬರೀ ಮನೆಬಳಕೆಗೆ, ಬೇಸಾಯಕ್ಕೆ ಮಾಡಿದ ವಸ್ತುಗಳನ್ನು ಅದು ಹೊರಗಿಟ್ಟಿದೆ. ಈ ಕಾಯ್ದೆಯ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕುಗಳ ಜೊತೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತು ಬರುತ್ತದೆ. ನಾವು ಹುಡುಕುತ್ತಿರುವ ಚಾಕು ಇದರ ಮೂರನೇ ಒಂದು ಭಾಗವೂ ಇಲ್ಲ.

ಹಾಗಂತ ಎಲ್ಲ ಊರಿನಲ್ಲೂ ಒಂದೇ ನಿಯಮ ಅಂದುಕೊಳ್ಳಬೇಡಿ. ದೆಹಲಿಯಲ್ಲಿ 1980ರಿಂದ ಒಂದು ಅಧಿಸೂಚನೆ ಇದೆ. ಬಟನ್ ಒತ್ತಿದರೆ ಅಥವಾ ಬೇರೆ ಯಾಂತ್ರಿಕ ವ್ಯವಸ್ಥೆಯಿಂದ ಬಿಚ್ಚಿಕೊಳ್ಳುವ, 7.62 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ, 1.72 ಸೆಂಟಿಮೀಟರ್ ಅಥವಾ ಅದಕ್ಕಿಂತ ಅಗಲದ ಅಲಗಿನ ಚಾಕುಗಳ ಮೇಲೆ ಅದು ಕಣ್ಣಿಟ್ಟಿದೆ. ಕೆಲಸದ ಮೇಲೆ ದೆಹಲಿಗೆ ಓಡಾಡುವವರು ಈ ಅಂಕಿ ನೆನಪಿಡಿ. ಸುಮ್ನೆ ತೊಂದರೆ ಯಾಕೆ? ಎಲ್ಲಿದ್ದರೂ ಅಲಗು 6.5 ಸೆಂಟಿಮೀಟರಿನ ಒಳಗೇ ಇರಲಿ, ಬಟನ್ನಿನದು ಬೇಡವೇ ಬೇಡ.

ನಮ್ಮಲ್ಲಿ ಗಲಾಟೆ, ಚುನಾವಣೆ, ದೊಡ್ಡ ಮೆರವಣಿಗೆಗಳ ಸಮಯದಲ್ಲಿ ನಿಷೇಧಾಜ್ಞೆ ಹೊರಡಿಸುತ್ತಾರೆ. ಹಳೆಯ 144ನೇ ಸೆಕ್ಷನ್ ಎಲ್ಲರಿಗೂ ಗೊತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163ನೇ ಸೆಕ್ಷನ್ ಬಂದಿದೆ. ಇಂಥ ಆಜ್ಞೆಗಳಲ್ಲಿ ಚೂರಿ, ದೊಣ್ಣೆ ಒಯ್ಯಬಾರದು ಅಂತ ಸಾಮಾನ್ಯವಾಗಿ ಇರುತ್ತದೆ. ಆ ದಿನಗಳಲ್ಲಿ ಎಷ್ಟೇ ಪುಟ್ಟ ಚಾಕುವಾದರೂ ಮನೆಯಲ್ಲೇ ಇರಲಿ. ಕೋರ್ಟಿಗೆ, ವಿಧಾನಸೌಧಕ್ಕೆ, ಪೊಲೀಸ್ ಸ್ಟೇಷನ್ನಿಗೆ ಹೋಗುವ ದಿನವೂ ಅಷ್ಟೆ.

ಇನ್ನು ಆಫೀಸಿನ ಗೇಟು. ಕಾನೂನು ಬೇಡ ಅನ್ನದಿದ್ದರೂ ಕಂಪನಿ ಬೇಡ ಅನ್ನಬಹುದು. ಎಚ್‌ಆರ್ ಕೈಪಿಡಿಯಲ್ಲಿ ಆಯುಧಗಳ ಬಗ್ಗೆ ಇರುವ ಸಾಲನ್ನು ಹುಡುಕಿ ಓದಿ. ಗೊತ್ತಾಗದಿದ್ದರೆ ಸೆಕ್ಯುರಿಟಿ ಸೂಪರ್‌ವೈಸರ್ ಹತ್ತಿರ ನೇರವಾಗಿ ಕೇಳಿ: "ಸರ್, ಕೀ ಗೊಂಚಲಿನಲ್ಲಿ ಇಂಥದ್ದು ಇದೆ, ಪರವಾಗಿಲ್ಲವಾ?" ನಾನು ಹಾಗೆ ಕೇಳಿದಾಗ ಅವರು ತಿರುಗಿಸಿ ನೋಡಿ, ಕತ್ತರಿ ಬಿಚ್ಚಿ ಮುಚ್ಚಿ, "ಇದಕ್ಕೇನು ಬಿಡಿ ಸಾರ್" ಅಂದರು. ಹಾಗೆ ಕೇಳಿದ್ದರಿಂದ ಮುಂದೆ ಬ್ಯಾಗ್ ಸ್ಕ್ಯಾನರಿನ ಮುಂದೆ ನನಗೆ ಯಾವತ್ತೂ ಎದೆ ಹೊಡೆದುಕೊಂಡಿಲ್ಲ. ಮೆಟ್ರೊ, ಮಾಲ್‌ಗಳಲ್ಲಿ ಕೊನೆಯ ಮಾತು ಅಲ್ಲಿನ ಸಿಬ್ಬಂದಿಯದು. ಬೇಡ ಅಂದರೆ ವಾದ ಮಾಡಬೇಡಿ. ದಿನಾ ಮೆಟ್ರೊದಲ್ಲೇ ಓಡಾಡುವವರು ಚಾಕುವನ್ನು ಆಫೀಸಿನ ಡ್ರಾಯರಿನಲ್ಲೇ ಬೀಗ ಹಾಕಿ ಇಡುವುದು ಒಳ್ಳೆಯದು.

ವಿಮಾನದ ವಿಷಯದಲ್ಲಿ ನಾನು ಒಂದು ಚಾಕು ಕಳೆದುಕೊಂಡೇ ಕಲಿತದ್ದು. ಬೆಳಿಗ್ಗೆ ಐದರ ಫ್ಲೈಟು. ಲ್ಯಾಪ್‌ಟಾಪ್ ಬ್ಯಾಗಿನ ಮೂಲೆಯ ಜೇಬು ನೋಡಿಕೊಳ್ಳಲಿಲ್ಲ. ಎಂಟು ವರ್ಷ ಜೊತೆಗಿದ್ದ ಚಾಕು ಅಲ್ಲಿನ ಪ್ಲಾಸ್ಟಿಕ್ ಡಬ್ಬಕ್ಕೆ ಬಿತ್ತು. ನಮ್ಮ ದೇಶದಲ್ಲಿ ಕ್ಯಾಬಿನ್ ಬ್ಯಾಗಿನಲ್ಲಿ ಯಾವ ಚಾಕುವೂ ಇಲ್ಲ. ಚೆಕ್-ಇನ್ ಲಗೇಜಿಗೆ ಹಾಕಬೇಕು. ಪ್ರಯಾಣದ ಹಿಂದಿನ ರಾತ್ರಿ ಕೀ ಗೊಂಚಲಿನಿಂದ ಬಿಚ್ಚಿ ಬೀರುವಿನಲ್ಲಿ ಇಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಹೊರದೇಶದಲ್ಲಿ ಕೆಲಸ ಮಾಡುವ ನಮ್ಮವರು ಅಲ್ಲಿನ ನಿಯಮ ಮೊದಲು ನೋಡಿ. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದದ್ದು ಲಾಕ್ (ಬಿಚ್ಚಿದ ಅಲಗು ತಾನಾಗಿ ಮಡಚದಂತೆ ಹಿಡಿಯುವ ಕೊಂಡಿ) ಇಲ್ಲದ, 3 ಇಂಚಿನ ಒಳಗಿನ ಮಡಚುವ ಚಾಕು ಮಾತ್ರ. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ಬಿಚ್ಚಿ ಲಾಕ್ ಆಗುವ ಚಾಕುವನ್ನು ಸರಿಯಾದ ಕಾರಣ ಇಲ್ಲದೆ ಒಯ್ಯುವ ಹಾಗಿಲ್ಲ. ಮುಂದೆ ನಾನು ಲಾಕ್ ಇಲ್ಲದ ಚಾಕುವನ್ನೇ ಹೊಗಳಲು ಇದೂ ಒಂದು ಕಾರಣ.

ಮೂರನೇ ಹೆಜ್ಜೆ: ಹತ್ತು ರೂಪಾಯಿ ನಾಣ್ಯದ ಪರೀಕ್ಷೆ

ಜೀನ್ಸಿನ ಜೇಬು ಏನನ್ನಾದರೂ ತಡೆಯುತ್ತದೆ. ಫಾರ್ಮಲ್ ಪ್ಯಾಂಟಿನ ಜೇಬು ಹಾಗಲ್ಲ. ಒಳಗಿನ ಬಟ್ಟೆ ತೆಳು, ಹೊರಗಿನ ಬಟ್ಟೆ ಇಳಿಬೀಳುವಂಥದ್ದು. ಭಾರದ ಚಾಕು ಹಾಕಿದರೆ ನಡೆಯುವಾಗ ತೊಡೆಗೆ ಬಡಿಯುತ್ತದೆ, ಕೂತಾಗ ಉದ್ದಕ್ಕೆ ಎದ್ದು ಕಾಣುತ್ತದೆ, ಆರು ತಿಂಗಳಲ್ಲಿ ಜೇಬಿನ ಮೂಲೆಗೆ ತೂತು. ನನ್ನ ಎರಡು ಪ್ಯಾಂಟುಗಳ ಬಲ ಜೇಬು ಹಾಗೇ ಹೋಯಿತು. ಒಂದು ದಿನ ಚಾಕು ಪ್ಯಾಂಟಿನ ಒಳಗಿಂದ ಜಾರಿ ಶೂ ಮೇಲೆ ಬಿದ್ದಾಗಲೇ ತೂತು ಗೊತ್ತಾದದ್ದು.

ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಈಗಿನ ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಮೂರು ನಾಣ್ಯ ಸೇರಿಸಿದರೆ ಸುಮಾರು 23 ಗ್ರಾಂ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಕ್ಲಾಸಿಕ್ ಎಸ್‌ಡಿ ಅನ್ನುವ ಪುಟ್ಟ ಕೆಂಪು ಚಾಕು ಹೆಚ್ಚುಕಡಿಮೆ ಅಷ್ಟೇ ತೂಕ. ಆರು ನಾಣ್ಯ ಅಂದರೆ 46 ಗ್ರಾಂ. ಅದು ಅದೇ ಕಂಪನಿಯ ಕೆಡೆಟ್ ಅಲಾಕ್ಸ್ ಅನ್ನುವ ಚಾಕುವಿನ ತೂಕ. ನಾಣ್ಯಗಳನ್ನು ಉದ್ದಕ್ಕೆ ಜೋಡಿಸಿ ಕಾಗದದಲ್ಲಿ ಸುತ್ತಿ ಟೇಪ್ ಹಾಕಿ. ನೀವು ಆಫೀಸಿಗೆ ಹಾಕುವ ಅತಿ ತೆಳು ಪ್ಯಾಂಟಿನ ಜೇಬಿನಲ್ಲಿ ಅದನ್ನು ಇಟ್ಟುಕೊಂಡು ಒಂದು ದಿನ ಕಳೆಯಿರಿ. ಮೆಟ್ಟಿಲು ಹತ್ತಿ, ಬೈಕ್ ಓಡಿಸಿ, ಮೀಟಿಂಗಿನಲ್ಲಿ ಒಂದು ಗಂಟೆ ಕೂರಿ. ಸಂಜೆ ಹೊತ್ತಿಗೆ ನೀವು ಅದನ್ನು ಮರೆತಿದ್ದರೆ ಆ ತೂಕ ನಿಮಗೆ ಹೊಂದುತ್ತದೆ. ನನ್ನ ಮಟ್ಟಿಗೆ ಆರು ನಾಣ್ಯವೇ ಮಿತಿ. ಎಂಟಕ್ಕೆ ಹೋದರೆ ಬೆಲ್ಟ್ ಒಂದು ಕಡೆಗೆ ಜಗ್ಗಿದ ಹಾಗೆ ಅನಿಸುತ್ತದೆ.

ತೂಕಕ್ಕಿಂತ ದಪ್ಪ ಮುಖ್ಯ. ಮಡಚಿದಾಗ ಒಂದು ಪೆನ್ನಿನಷ್ಟು ದಪ್ಪ ಇದ್ದರೆ ಜೇಬಿನ ಗೆರೆ ಕೆಡುವುದಿಲ್ಲ. ಉದ್ದ 6ರಿಂದ 9 ಸೆಂಟಿಮೀಟರ್ ಸಾಕು. ಹತ್ತು ಹನ್ನೆರಡು ಸಲಕರಣೆ ತುಂಬಿದ ದಪ್ಪ ಚಾಕುಗಳು ಬ್ಯಾಗಿಗೆ ಸರಿ, ಪ್ಯಾಂಟಿಗಲ್ಲ.

ಸೀರೆ, ಚೂಡಿದಾರ್ ಉಡುವವರಿಗೆ ಜೇಬೇ ಇರುವುದಿಲ್ಲ, ಅಥವಾ ಇದ್ದರೂ ಹೆಸರಿಗಷ್ಟೆ. ಅವರಿಗೆ ಕೀ ಗೊಂಚಲಿಗೆ ಸಿಕ್ಕಿಸುವ ಆರು ಸೆಂಟಿಮೀಟರ್ ಒಳಗಿನದೇ ಒಳ್ಳೆಯದು. ಬ್ಯಾಗಿನ ತಳದಲ್ಲಿ ಬಿಡಿಯಾಗಿ ಹಾಕಿದರೆ ಬೇಕಾದಾಗ ಸಿಗುವುದಿಲ್ಲ. ಸೇಫ್ಟಿ ಪಿನ್, ಮಾತ್ರೆ, ಬಿಂದಿ ಇಡುವ ಪುಟ್ಟ ಪರ್ಸಿನಲ್ಲೇ ಅದಕ್ಕೂ ಜಾಗ ಕೊಡಿ.

ನಾಲ್ಕನೇ ಹೆಜ್ಜೆ: ಬಿಚ್ಚುವ ರೀತಿ

ನನ್ನ ಅನುಭವದಲ್ಲಿ ಜನ ಹೆದರುವುದು ಅಲಗಿನ ಉದ್ದಕ್ಕಿಂತ ಅದು ಬಿಚ್ಚಿಕೊಳ್ಳುವ ವೇಗಕ್ಕೆ. ಅಲಗಿನ ಬೆನ್ನಿನ ಹತ್ತಿರ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತದಲ್ಲ, ಅದಕ್ಕೆ ಉಗುರು ಕೊಟ್ಟು, ಎರಡು ಕೈಯಲ್ಲಿ ಹಿಡಿದು, ನಿಧಾನವಾಗಿ ತೆಗೆಯುವ ಚಾಕು ಯಾರಿಗೂ ಭಯ ಹುಟ್ಟಿಸುವುದಿಲ್ಲ. ತಾತಂದಿರು ಅಡಿಕೆ ಹೋಳು ಮಾಡಲು, ಕಬ್ಬು ಸಿಗಿಯಲು ತೆಗೆಯುತ್ತಿದ್ದದ್ದು ಹೀಗೇ ಅಲ್ವಾ. ಸ್ಪ್ರಿಂಗ್ ಸಹಾಯದಿಂದ ಹಾರುವುದು, ಹೆಬ್ಬೆರಳ ಗುಬುಟು ಇರುವುದು, ಬೆರಳಿಂದ ಮೀಟಿದರೆ ತೆರೆಯುವುದು, ಇವೆಲ್ಲ ಬೇರೆ ಕಡೆ ಉಪಯೋಗಕ್ಕೆ ಬರಬಹುದು. ಆಫೀಸಿಗೆ ಬೇಡ.

ಲಾಕ್ ಬೇಕಾ ಬೇಡವಾ? ಲಾಕ್ ಇಲ್ಲದ ಚಾಕುವಿನಲ್ಲಿ ಬೆನ್ನಿನ ಸ್ಪ್ರಿಂಗ್ ಅಲಗನ್ನು ಬಿಗಿಯಾಗಿ ಹಿಡಿದಿರುತ್ತದೆ, ಜೋರಾಗಿ ಒತ್ತಿದರೆ ಮಾತ್ರ ಮಡಚಿಕೊಳ್ಳುತ್ತದೆ. ಎಳೆದು ಕತ್ತರಿಸುವ ಕೆಲಸಕ್ಕೆ ಇದು ಧಾರಾಳ ಸಾಕು. ಮೊನೆಯಿಂದ ಚುಚ್ಚಿ ತಳ್ಳುವ ಕೆಲಸಕ್ಕೆ ಮಾತ್ರ ಬಳಸಬೇಡಿ. ಅಲಗು ಮಡಚಿ ತೋರುಬೆರಳಿನ ಮೇಲೆ ಕೂರುತ್ತದೆ. ನನ್ನ ಬೆರಳಲ್ಲಿ ಆ ಗುರುತು ಇನ್ನೂ ಇದೆ. ಡಬ್ಬಿಯ ರಟ್ಟಿಗೆ ತೂತು ಕೊರೆಯಲು ಹೋಗಿ ಆದದ್ದು.

ಐದನೇ ಹೆಜ್ಜೆ: ಅಲಗು, ಉಕ್ಕು, ಹಿಡಿ

ಅಲಗು ತೆಳ್ಳಗಿರಲಿ. ದಪ್ಪ ಅಲಗು ಸೀಬೆಕಾಯಿಯನ್ನು ಕತ್ತರಿಸುವುದಿಲ್ಲ, ಸೀಳುತ್ತದೆ. ಗರಗಸದ ಹಲ್ಲಿನಂಥ ಬಾಯಿ ಬೇಡ. ನೂಲನ್ನು ಸಿಕ್ಕಿಸಿ ಎಳೆಯುತ್ತದೆ, ಮನೆಯಲ್ಲಿ ಹರಿತ ಮಾಡಲೂ ಬರುವುದಿಲ್ಲ. ಮೊನೆ ತೀರಾ ಚೂಪಾಗಿರದೆ ಕೆಳಕ್ಕೆ ಬಾಗಿದ್ದರೆ ಡಬ್ಬಿಯೊಳಗಿನ ವಸ್ತುವಿಗೆ ಗೀರು ಬೀಳುವುದಿಲ್ಲ, ನೋಡಲೂ ಸೌಮ್ಯ. ಬಣ್ಣ ಬೆಳ್ಳಿಯಂತೆ ಹೊಳೆಯುವುದೇ ಇರಲಿ. ಕಪ್ಪು ಲೇಪನ ಬೇಡ.

ಉಕ್ಕಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವವರಿದ್ದಾರೆ. ಆಫೀಸ್ ಚಾಕುವಿಗೆ ಅಷ್ಟು ಬೇಕಿಲ್ಲ. ಸ್ಟೇನ್‌ಲೆಸ್ ತಗೊಳ್ಳಿ, ಮುಗೀತು. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ ನಿಜ. ಆದರೆ ನಿಂಬೆಹಣ್ಣು, ಮಾವಿನಕಾಯಿ ಮುಟ್ಟಿದರೆ ಕಪ್ಪಾಗುತ್ತದೆ, ಬೆವರಿನ ಜೇಬಿನಲ್ಲಿ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಗಾಳಿಯಲ್ಲಂತೂ ಕೇಳುವುದೇ ಬೇಡ. ವಿಕ್ಟೋರಿನಾಕ್ಸ್ ಅಲಗಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸು. ದುಬಾರಿ ಚಾಕುಗಳ ಮುಂದೆ ಇದು ಮೆದುವೇ. ಮೆದು ಅಂದರೆ ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ನಮಗೆ ಬೇಕಾದದ್ದು ಅದೇ.

ಹಿಡಿಗೆ ಉಬ್ಬುಗೆರೆಯ ಅಲ್ಯೂಮಿನಿಯಂ ನನ್ನ ಮೊದಲ ಆಯ್ಕೆ. ತೆಳು, ಗಟ್ಟಿ, ಜಾರುವುದಿಲ್ಲ. ಕೆಂಪು ಪ್ಲಾಸ್ಟಿಕ್ ಹಿಡಿಗೆ ಕೀಗಳಿಂದ ಗೀರು ಬೀಳುತ್ತದೆ, ಆದರೆ ಅದರ ಒಡಲಲ್ಲೇ ಚಿಮಟ, ಹಲ್ಲುಕಡ್ಡಿ ಅಡಗಿರುತ್ತವೆ. ಮರದ ಹಿಡಿ ಕೈಗೆ ಹಿತ, ಅಂಗಿ ಪ್ಯಾಂಟಿನ ಜೊತೆ ಚಂದ ಕಾಣುತ್ತದೆ. ಜೇಬಿಗೆ ಸಿಕ್ಕಿಸುವ ಕ್ಲಿಪ್ ಇರುವುದನ್ನು ಬಿಡಿ. ಕ್ಲಿಪ್ ಹೊರಗೆ ಕಂಡರೆ ಜೇಬಿನಲ್ಲಿ ಏನಿದೆ ಅಂತ ಊರಿಗೆಲ್ಲ ಹೇಳಿದ ಹಾಗೆ, ಜೇಬಿನ ಅಂಚೂ ಹರಿಯುತ್ತದೆ.

ಒಳ್ಳೆಯ ಉಡುಪಿನ ಜೊತೆ ಚಾಕು ಅನ್ನುವುದು ನಮಗೆ ಹೊಸದೇನೂ ಅಲ್ಲ. ಕೊಡವರ ಮದುವೆಯಲ್ಲಿ ಗಂಡಸರು ಕಪ್ಪು ಕುಪ್ಯದ ಮೇಲೆ ಕೆಂಪು ಚೇಲೆ ಕಟ್ಟಿ ಅದರಲ್ಲಿ ಪೀಚೆಕತ್ತಿ ಸಿಕ್ಕಿಸುತ್ತಾರೆ. ಬೆಳ್ಳಿ ಕೆಲಸದ ಆ ಪೀಚೆಕತ್ತಿ ಎಷ್ಟು ಚಂದ! ಅದು ಎಲ್ಲರಿಗೂ ಕಾಣಲಿ ಅಂತಲೇ ಇರುವುದು, ಅದರ ಹಿಂದೆ ಮನೆತನದ ಗೌರವ ಇದೆ. ನಮ್ಮ ಚಾಕುವಿಗೆ ಅಂಥ ಗೌರವದ ಭಾರ ಇಲ್ಲ, ಆದರೂ ಮಾಟವಾಗಿ ಮಾಡಿದ್ದನ್ನೇ ಆರಿಸಿ. ದಿನಾ ಕೈಗೆ ಬರುವ ವಸ್ತು ಅದು.

ಆರನೇ ಹೆಜ್ಜೆ: ಯಾವುದನ್ನು ಕೊಳ್ಳಬೇಕು

ನಾನು ಬಳಸಿ ನೋಡಿರುವುದರಲ್ಲಿ ನಾಲ್ಕನ್ನು ಧೈರ್ಯವಾಗಿ ಹೇಳಬಲ್ಲೆ.

ಕ್ಲಾಸಿಕ್ ಎಸ್‌ಡಿ. ಮಡಚಿದಾಗ 58 ಮಿಲಿಮೀಟರ್. ಪುಟ್ಟ ಅಲಗು, ಕತ್ತರಿ, ಸ್ಕ್ರೂ ತುದಿಯ ಉಗುರು ಅರ, ಚಿಮಟ, ಹಲ್ಲುಕಡ್ಡಿ, ಕೀ ರಿಂಗ್. ಹತ್ತರಲ್ಲಿ ಎಂಟು ಜನರಿಗೆ ಇದೇ ಸಾಕು. ಇದರ ಕತ್ತರಿಗೆ ನಾನು ಸೋತುಹೋಗಿದ್ದೇನೆ. ಬೆರಳ ತುದಿಯಷ್ಟಿದ್ದರೂ ಅಂಗಿಯ ನೂಲನ್ನು ಬುಡಕ್ಕೇ ಕತ್ತರಿಸುತ್ತದೆ, ಬಟ್ಟೆ ಒಂಚೂರೂ ಜಗ್ಗುವುದಿಲ್ಲ. ಇದೇ ಚಾಕು ಅಲ್ಯೂಮಿನಿಯಂ ಹಿಡಿಯಲ್ಲೂ ಬರುತ್ತದೆ. ಅದು ಇನ್ನೂ ತೆಳು, ಆದರೆ ಚಿಮಟ, ಹಲ್ಲುಕಡ್ಡಿ ಇರುವುದಿಲ್ಲ. ಅಲಗು ಚಿಕ್ಕದಾದ್ದರಿಂದ ಸೇಬು, ಮಾವು ಇದರಲ್ಲಿ ಆಗದು.

ಹಣ್ಣು ತಿನ್ನುವವರಿಗೆ ಕೆಡೆಟ್ ಅಲಾಕ್ಸ್. 84 ಮಿಲಿಮೀಟರ್, ತೆಳು, ಬೆಳ್ಳಿ ಬಣ್ಣ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ನಿಂತರೂ ಗೊತ್ತಾಗದು. ಕತ್ತರಿ ಇಲ್ಲ ಅನ್ನುವುದೊಂದೇ ಕೊರತೆ. ನಾನು ಈಗ ಜೇಬಿನಲ್ಲಿ ಇಟ್ಟುಕೊಳ್ಳುವುದು ಇದನ್ನೇ. ಕೀ ಗೊಂಚಲಿನಲ್ಲಿ ಕ್ಲಾಸಿಕ್ ಇರುವುದರಿಂದ ಆ ಕೊರತೆಯೂ ತುಂಬಿದೆ.

ಫ್ರಾನ್ಸಿನ ಒಪಿನೆಲ್ 6ನೇ ನಂಬರ್, ಮರದ ಹಿಡಿಯದು. ಜೋಸೆಫ್ ಒಪಿನೆಲ್ 1890ರಲ್ಲಿ ಸವೊಯ್ ಬೆಟ್ಟಸೀಮೆಯಲ್ಲಿ ಮಾಡಿದ ರೈತರ ಚಾಕು ಇದರ ಮೂಲ. ಗಾತ್ರಕ್ಕೆ ತುಂಬ ಹಗುರ. ಅಲಗು ಕಾಗದದಂತೆ ತೆಳು, ಹಣ್ಣಿಗೆ ಇದರಷ್ಟು ಚೆನ್ನಾಗಿ ಹೊಂದುವುದು ಬೇರೆ ಇಲ್ಲ. ತೊಂದರೆ ಏನೆಂದರೆ ಅಲಗು 7 ಸೆಂಟಿಮೀಟರ್, ಅಂದರೆ ನಾನು ಹೇಳಿದ ಮಿತಿಗಿಂತ ಚೂರು ಜಾಸ್ತಿ. 1955ರಿಂದ ಬಂದಿರುವ ತಿರುಗುವ ಉಂಗುರದ ಲಾಕ್ ಬೇರೆ ಇದೆ. ಹಾಗಾಗಿ ಇದು ಜೇಬಿಗಿಂತ ಊಟದ ಡಬ್ಬಿಯ ಚೀಲಕ್ಕೆ ಸರಿ. ಸ್ಟೇನ್‌ಲೆಸ್ ಅಲಗಿನದನ್ನೇ ಕೇಳಿ ತಗೊಳ್ಳಿ. ಮಳೆಗಾಲದಲ್ಲಿ ಮರ ಉಬ್ಬಿ ಬಿಚ್ಚಲು ಬಿಗಿಯಾಗುತ್ತದೆ ಅನ್ನುವುದು ಗೊತ್ತಿರಲಿ.

ಕತ್ತರಿಯೇ ಮುಖ್ಯ ಅನ್ನುವವರಿಗೆ ಲೆದರ್‌ಮನ್ ಮೈಕ್ರಾ. ಸುಮಾರು 51 ಗ್ರಾಂ. ತೆರೆದಾಗ ಮೊದಲು ಕಾಣುವುದೇ ಕತ್ತರಿ, ಅಲಗು ಹಿಡಿಯ ಒಳಗೆ ಮಡಚಿಕೊಂಡಿರುತ್ತದೆ. ನೋಡಿದವರು "ಓ, ಕತ್ತರಿ" ಅಂತಾರೆ, ಅಷ್ಟೆ. ಕಟ್ಟುನಿಟ್ಟಿನ ಆಫೀಸಿಗೆ ಇದು ಒಳ್ಳೆಯ ದಾರಿ. ಅಲಗೇ ಬೇಡ ಅನ್ನುವ ಕಂಪನಿಯಾದರೆ ವಿಕ್ಟೋರಿನಾಕ್ಸ್ ಜೆಟ್‌ಸೆಟರ್ ಇದೆ. ಅದರಲ್ಲಿ ಅಲಗೇ ಇಲ್ಲ, ಕತ್ತರಿ ಇದೆ.

ವಿಕ್ಟೋರಿನಾಕ್ಸ್ ಹೆಸರು ಇಷ್ಟು ಸಲ ಬಂದದ್ದಕ್ಕೆ ಕಾರಣ ಇದೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ ಕೆಲಸ ಶುರು ಮಾಡಿದರು, 1891ರಿಂದ ಸೈನಿಕರಿಗೆ ಚಾಕು ಕೊಟ್ಟರು. ಆ ಚಾಕು ಭಾರ ಅನಿಸಿದಾಗ ಅಧಿಕಾರಿಗಳಿಗೆ ಅಂತ ಹಗುರವಾದ, ಮಾಟವಾದ ಇನ್ನೊಂದನ್ನು ಮಾಡಿ 1897ರಲ್ಲಿ ನೋಂದಾಯಿಸಿದರು. ಅಚ್ಚುಕಟ್ಟಾದ ಉಡುಪಿನ ಜೇಬಿಗೆ ಹೊಂದುವ ಚಾಕು ಅನ್ನುವ ಯೋಚನೆ ಆಗಲೇ ಇತ್ತು ನೋಡಿ. ಹೆಸರಿನಲ್ಲಿರುವ ವಿಕ್ಟೋರಿಯಾ ಅವರ ತಾಯಿ. ಇನಾಕ್ಸ್ ಅಂದರೆ ತುಕ್ಕು ಹಿಡಿಯದ ಉಕ್ಕು.

ಏಳನೇ ಹೆಜ್ಜೆ: ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ

ನಕಲಿಗಳು ಬೇಕಾದಷ್ಟಿವೆ. ಫುಟ್‌ಪಾತ್ ಮೇಲೆ ವಿಕ್ಟೋರಿನಾಕ್ಸಿನ ಹಾಗೆ ಕೆಂಪು ಹಿಡಿ, ಬಿಳಿ ಶಿಲುಬೆ ಕಂಡ ಕೂಡಲೇ ಕೊಳ್ಳಬೇಡಿ. ಅಧಿಕೃತ ಅಂಗಡಿಗೇ ಹೋಗಿ. ಅಲಗನ್ನು ಬಿಚ್ಚಿ ಬುಡದಲ್ಲಿ ಕಂಪನಿಯ ಹೆಸರು ಸ್ಪಷ್ಟವಾಗಿ ಒತ್ತಿದೆಯಾ ನೋಡಿ. ನಿಧಾನವಾಗಿ ಮುಚ್ಚಿ. ಕೊನೆಯ ಕಾಲುಭಾಗದಲ್ಲಿ ಸ್ಪ್ರಿಂಗ್ ತಾನೇ ಎಳೆದುಕೊಂಡು "ಟಕ್" ಅನ್ನಬೇಕು. ಸಡಿಲವಾಗಿ ಜೋತುಬಿದ್ದರೆ ಬೇಡ. ಬಿಚ್ಚಿದ ಅಲಗನ್ನು ಎರಡು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ, ಆಡಬಾರದು. ಮುಚ್ಚಿದ ಚಾಕುವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಹಿಡಿಯ ಪದರಗಳ ನಡುವೆ ಬೆಳಕು ನುಸುಳಿದರೆ ಜೋಡಣೆ ಸರಿಯಿಲ್ಲ. ಉಗುರು ಗೀರಿಗೆ ನಿಮ್ಮ ಉಗುರು ಸಲೀಸಾಗಿ ಸಿಗುತ್ತದೆಯಾ? ಉಗುರು ಗಿಡ್ಡ ಕತ್ತರಿಸಿಕೊಳ್ಳುವವರು ಇದನ್ನು ಪರೀಕ್ಷಿಸಲೇಬೇಕು.

ಎಂಟನೇ ಹೆಜ್ಜೆ: ಎಲ್ಲಿ ಇಡುವುದು, ಹೇಗೆ ತೆಗೆಯುವುದು

ಫೋನ್ ಇರುವ ಜೇಬಿನಲ್ಲಿ ಬೇಡ, ಸ್ಕ್ರೀನಿಗೆ ಗೀರು ಬೀಳುತ್ತದೆ. ಬಲ ಜೇಬಿನಲ್ಲಿ ಕರವಸ್ತ್ರದ ಜೊತೆ ಇಟ್ಟರೆ ಸದ್ದೂ ಇಲ್ಲ, ಉಬ್ಬೂ ಇಲ್ಲ. ಹಳೆಯ ಕನ್ನಡಕದ ಬಟ್ಟೆಚೀಲವನ್ನು ಅರ್ಧಕ್ಕೆ ಕತ್ತರಿಸಿ ಹೊಲಿಸಿಕೊಂಡರೆ ಒಳ್ಳೆಯ ಒರೆ ಆಗುತ್ತದೆ. ಅಂಗಿಯ ಜೇಬಿನಲ್ಲಿಟ್ಟರೆ ಬಗ್ಗಿದಾಗ ಬೀಳುತ್ತದೆ ಅನ್ನುವ ಎಚ್ಚರ ಇರಲಿ.

ತೆಗೆಯುವ ಮೊದಲು ಒಂದು ಮಾತು ಹೇಳಿ: "ಇರಿ, ನನ್ನ ಹತ್ತಿರ ಸಣ್ಣ ಚಾಕು ಇದೆ, ಕತ್ತರಿಸಿ ಕೊಡ್ತೀನಿ." ಈ ಒಂದು ವಾಕ್ಯದಿಂದ ಮುಂದಿರುವವರು ನಿರಾಳವಾಗುತ್ತಾರೆ. ಡಬ್ಬಿಯ ಹತ್ತಿರ ಹೋಗಿ ಮೇಜಿನ ಮೇಲೆಯೇ ಬಿಚ್ಚಿ, ಕೆಲಸ ಮುಗಿದ ಕೂಡಲೇ ಮಡಚಿ. ಅಲಗು ಬಿಚ್ಚಿಕೊಂಡು ನಡೆದಾಡಬೇಡಿ, ಮಾತಾಡುತ್ತಾ ಕೈ ಬೀಸಬೇಡಿ. ಮೀಟಿಂಗಿನಲ್ಲಿ ಬೇಜಾರಾಗಿ ಬಿಚ್ಚಿ ಮುಚ್ಚಿ ಆಟ ಆಡುವುದಂತೂ ಖಂಡಿತ ಬೇಡ. ಲಿಫ್ಟಿನಲ್ಲಿ, ಯಾರೊಂದಿಗಾದರೂ ಮಾತು ಬಿಸಿಯಾದ ಹೊತ್ತಿನಲ್ಲಿ ಕೈ ಜೇಬಿಗೂ ಹೋಗದಿರಲಿ.

ಯಾರಾದರೂ ಕೇಳಿದರೆ ಮಡಚಿಯೇ ಕೊಡಿ. ನಮ್ಮ ಮನೆಗಳಲ್ಲಿ ಚಾಕು, ಉಪ್ಪು, ಮೆಣಸಿನಕಾಯಿ ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತದೆ ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಚಾಕುವಿನ ಮಟ್ಟಿಗೆ ನಾನು ಅದನ್ನು ಇವತ್ತಿಗೂ ಪಾಲಿಸುತ್ತೇನೆ. ಮೇಜಿನ ಮೇಲೆ ಇಟ್ಟು ಸರಿಸುತ್ತೇನೆ, ಯಾರ ಬೆರಳೂ ಕುಯ್ಯುವುದಿಲ್ಲ.

ಒಂಬತ್ತನೇ ಹೆಜ್ಜೆ: ಆರೈಕೆ

ಟೇಪ್ ಕತ್ತರಿಸಿದ ಮೇಲೆ ಅಲಗಿಗೆ ಅಂಟು ಹತ್ತುತ್ತದೆ. ಸ್ಯಾನಿಟೈಜರ್ ಹಾಕಿದ ಟಿಶ್ಯೂನಿಂದ ಒರೆಸಿದರೆ ಹೋಗುತ್ತದೆ. ಆದರೆ ಹಣ್ಣು ಹೆಚ್ಚುವ ಮುಂಚೆ ನೀರಿನಲ್ಲಿ ತೊಳೆಯಿರಿ. ಟೇಪಿನ ಅಂಟು ಸೀಬೆಕಾಯಿಗೆ ಬೇಡ ಅಲ್ವಾ.

ತಿಂಗಳಿಗೊಮ್ಮೆ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಎಲ್ಲವನ್ನೂ ನಾಲ್ಕಾರು ಸಲ ಬಿಚ್ಚಿ ಮುಚ್ಚಿ. ಜೇಬಿನ ಬಟ್ಟೆಯ ಧೂಳು ಉಂಡೆಯಾಗಿ ಕೀಲಿನಲ್ಲಿ ಕೂತಿರುತ್ತದೆ, ಹಲ್ಲುಕಡ್ಡಿಯಿಂದ ತೆಗೆಯಿರಿ. ಚೆನ್ನಾಗಿ ಒಣಗಿಸಿ ಕೀಲಿಗೆ ಒಂದೇ ಒಂದು ತೊಟ್ಟು ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಜಿಗುಟಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತನ್ನಿ. ಹಣ್ಣು ಕತ್ತರಿಸುವ ಅಲಗಿಗೂ ಅದರಿಂದ ತೊಂದರೆ ಇಲ್ಲ.

ಹರಿತ ಮಾಡಲು ಬೀದಿಯಲ್ಲಿ ಬರುವ ಸಾಣೆಯವರಿಗೆ ಕೊಡಬೇಡಿ. ಅವರ ಚಕ್ರ ಮನೆಯ ಕತ್ತಿಗೆ ಸರಿ. ಇಷ್ಟು ಪುಟ್ಟ ಅಲಗನ್ನು ಅದು ಎರಡೇ ಸಲಕ್ಕೆ ತಿಂದುಹಾಕುತ್ತದೆ. ಮನೆಯ ಪಿಂಗಾಣಿ ಕಾಫಿ ಮಗ್ ಸಾಕು. ಅದನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಕಾಣುತ್ತದೆ, ಅದೇ ನಿಮ್ಮ ಸಾಣೆಕಲ್ಲು. ಎಷ್ಟು ಓರೆ ಹಿಡಿಯಬೇಕು ಅಂತ ತಿಳಿಯಲು ಕಾಗದದ ಚೌಕ ಮೂಲೆಯನ್ನು ಒಮ್ಮೆ ಮಡಚಿ, 45 ಡಿಗ್ರಿ ಆಯಿತು. ಇನ್ನೊಮ್ಮೆ ಮಡಚಿ, 22 ಚಿಲ್ಲರೆ. ಅದಕ್ಕಿಂತ ಚೂರು ಕಡಿಮೆ ಓರೆಯಲ್ಲಿ ಅಲಗನ್ನು ಉಂಗುರದ ಮೇಲಿಟ್ಟು, ಮಗ್ಗಿನಿಂದ ತೆಳ್ಳನೆಯ ಪದರ ಹೆರೆಯುವ ಹಾಗೆ ಬುಡದಿಂದ ಮೊನೆಯವರೆಗೆ ಎಳೆಯಿರಿ. ಭಾರ ಹಾಕಬೇಡಿ. ಒಂದು ಕಡೆಗೆ ಹತ್ತು, ಇನ್ನೊಂದು ಕಡೆಗೆ ಹತ್ತು, ಆಮೇಲೆ ಐದೈದು. ಉಂಗುರದ ಮೇಲೆ ಬೂದು ಗೆರೆ ಮೂಡಿದರೆ ಉಕ್ಕು ಸವೆಯುತ್ತಿದೆ ಅಂತ ಅರ್ಥ. ಅಲಗನ್ನು ಒರೆಸಿ, ಹಳೆಯ ಪೇಪರಿನ ಒಂದು ಹಾಳೆಯನ್ನು ಗಾಳಿಯಲ್ಲಿ ಹಿಡಿದು ಅಂಚಿನಿಂದ ಕೆಳಕ್ಕೆ ಎಳೆಯಿರಿ. ಹರಿಯದೆ ನೇರವಾಗಿ ಕತ್ತರಿಸಿಕೊಂಡು ಹೋದರೆ ಕೆಲಸ ಆಯಿತು. ಎಲ್ಲಾದರೂ ಸಿಕ್ಕಿಕೊಂಡರೆ ಅಲಗಿನ ಆ ಜಾಗ ಇನ್ನೂ ಮೊಂಡಾಗಿದೆ, ಅಲ್ಲಿಗೆ ಮತ್ತೆ ಐದು ಸಲ.

ನಾನು ಇದನ್ನು ಆಯುಧಪೂಜೆಯ ಹಿಂದಿನ ರಾತ್ರಿ ತಪ್ಪದೆ ಮಾಡುತ್ತೇನೆ. ಬೆಳಿಗ್ಗೆ ಆಫೀಸಿನಲ್ಲಿ ಲ್ಯಾಪ್‌ಟಾಪು, ಪ್ರಿಂಟರುಗಳಿಗೆ ಕುಂಕುಮ ಇಡುವಾಗ ಈ ಪುಟ್ಟ ಚಾಕುವೂ ಅವುಗಳ ಪಕ್ಕ ಕೂರುತ್ತದೆ. ಕಳೆದ ಸಲ ಪೂಜೆ ಮುಗಿದ ಮೇಲೆ ಹಾರದ ದಾರ ಕತ್ತರಿಸಲು ಅದನ್ನು ಕೇಳಿ ಇಸಿದುಕೊಂಡವರು ಆವತ್ತು ಎರಡು ಹೆಜ್ಜೆ ಹಿಂದೆ ಸರಿದಿದ್ದ ಅದೇ ಮೇಡಂ.